ಪಾಯಿಂಟ್ ಒನ್ ರಾಯರು

ಯಲಹಂಕ ನ್ಯೂಟೌನಿನಿಂದ ಆರ್.ಟಿ. ನಗರದವರೆಗೆ, ಅಪಾರ್ಟ್‌ಮೆಂಟಿಗೆ ಒಬ್ಬರಂತೆ ಇಂಥವರು ಇದ್ದೇ ಇರುತ್ತಾರೆ. ಕೆಲಸ ಮಾನ್ಯತಾ ಟೆಕ್ ಪಾರ್ಕಿನಲ್ಲಿ; ಬುದ್ಧಿ ಹೇಳುವ ಪೀಠ ಮಾತ್ರ ಮನೆ ಹತ್ತಿರದ ದರ್ಶಿನಿಯಲ್ಲಿ. ನಮ್ಮ ಸಹಕಾರನಗರದವರನ್ನು ಹುಡುಗರು ಬೆನ್ನ ಹಿಂದೆ ‘ಪಾಯಿಂಟ್ ಒನ್ ರಾಯರು’ ಅನ್ನುತ್ತಾರೆ. ರಾಯರಿಗೂ ಗೊತ್ತು. ಅದನ್ನವರು ಬಿರುದೆಂದೇ ಭಾವಿಸಿದಂತಿದೆ.

ಹೊಸ ಲ್ಯಾಪ್‌ಟಾಪ್ ಕೊಂಡ ಹುಡುಗನೊಬ್ಬ “ಸಾರ್, ಉಬುಂಟು ಯಾವ ವರ್ಷನ್ ಹಾಕ್ಲಿ?” ಅಂದರೆ ಮುಗಿಯಿತು, ಕಾಫಿ ಲೋಟ ಕೆಳಗಿಳಿಯುತ್ತದೆ.

“ಸರಿಸಂಖ್ಯೆ ವರ್ಷ, ಏಪ್ರಿಲ್ ತಿಂಗಳು. ಆಗ ಬರೋದೇ ಎಲ್‌ಟಿಎಸ್. ಐದು ವರ್ಷ ಯೋಚನೆ ಇಲ್ಲ.”

“ಮೊದಲನೇ ಎಲ್‌ಟಿಎಸ್ ಜೂನಲ್ಲಿ ಬಂತಲ್ವಾ ಸಾರ್? 2006ರಲ್ಲಿ, 6.06?”

“ನೋಡ್ದ್ಯಾ, ಮಾಡೋರೇ ಎರಡು ತಿಂಗಳು ಕಾದಿದಾರೆ! ನಿಂಗೇನಯ್ಯಾ ಅವಸರ?”

ಹುಡುಗ ಮೆಲ್ಲಗೆ ಬಾಯಿಬಿಟ್ಟ. 2025ರ ಅಕ್ಟೋಬರಿನಲ್ಲಿ ಬಂದ 25.10 ಅನ್ನು ಆಗಲೇ ಹಾಕಿಯಾಗಿತ್ತು. ರಾಯರು ಬೆರಳು ಮಡಚಿದರು. ಅದಕ್ಕೆ ಆಯಸ್ಸು ಒಂಬತ್ತೇ ತಿಂಗಳು, 2026ರ ಜುಲೈವರೆಗೆ. “ಒಂಬತ್ತು ತಿಂಗಳಿಗೆ ಹುಟ್ಟಬೇಕು ಕಣಯ್ಯಾ, ಸಾಯಬಾರದು.”

ಎಲ್‌ಟಿಎಸ್ ಬಂದ ದಿನವೇ ರಾಯರು ಹಾಕಿಕೊಳ್ಳುತ್ತಾರೆ ಅಂದುಕೊಂಡರೆ ಅದೂ ಇಲ್ಲ. 24.04 ಬಂದದ್ದು 2024ರ ಏಪ್ರಿಲಿನಲ್ಲಿ. ಇವರು ಮುಟ್ಟಿದ್ದು ಆಗಸ್ಟ್ ಕೊನೆಗೆ, 24.04.1 ಹೊರಬಿದ್ದ ಮೇಲೆ. ಅಷ್ಟರೊಳಗೆ ಊರವರ ಕಂಪ್ಯೂಟರುಗಳೆಲ್ಲ ಕೆಟ್ಟು, ಸರಿಹೋಗಿ, ತಪ್ಪುಗಳೆಲ್ಲ ಬಯಲಾಗಿರುತ್ತವೆ ಎಂಬುದು ಲೆಕ್ಕ. ಉಬುಂಟು ಕೂಡ ಹಳೆಯ ಎಲ್‌ಟಿಎಸ್‌ನವರನ್ನು ಪಾಯಿಂಟ್ ಒನ್ ಬರುವ ತನಕ ಮೇಲಕ್ಕೆ ಕರೆಯುವುದಿಲ್ಲವಾದ್ದರಿಂದ ಶಾಸ್ತ್ರಾಧಾರವೂ ಇವರ ಕಡೆಗೇ.

“ನಮ್ದೆಲ್ಲ ಡಾಕರ್‌ನಲ್ಲೇ ಓಡತ್ತೆ ಸಾರ್, ಕೆಳಗೆ ಯಾವುದಿದ್ರೇನು?”

“ಕಂಟೇನರ್ ಒಳಗೆ ಏನಾದ್ರೂ ತುಂಬ್ಕೋ. ಕರ್ನಲ್ ಮಾತ್ರ ಕೆಳಗಿಂದೇ.”

ಮಾತು ನಿಜ. ಇಂಥವರ ದೊಡ್ಡ ಕಿರಿಕಿರಿಯೇ ಅದು, ಹೇಳುವುದು ಸರಿಯಾಗಿರುತ್ತದೆ. ಕೊನೆಗೊಮ್ಮೆ, ಎರಡನೇ ಕಾಫಿಯೂ ಮುಗಿದ ಮೇಲೆ, ಮೊದಲೇ ಕೇಳಬೇಕಿದ್ದ ಪ್ರಶ್ನೆ ಬಂತು: “ನಿಮ್ಮ ಆಫೀಸಿನ ಸರ್ವರಲ್ಲಿ ಏನಿದೆ?”

“24.04 ಸಾರ್.”

“ಮತ್ತೆ ಅದನ್ನೇ ಹಾಕು. ಇದಕ್ಕೂ ನನ್ನ ಕೇಳಬೇಕಾ?”

ಈ ನೇಮ ಕಂಪ್ಯೂಟರಿಗಷ್ಟೇ ಇದ್ದಿದ್ದರೆ ಮನೆಯವರು ಸುಖವಾಗಿರುತ್ತಿದ್ದರು. ಹೊಸ ಹೋಟೆಲ್ ತೆರೆದರೆ ಅಡುಗೆ ಭಟ್ಟರು ಒಮ್ಮೆಯಾದರೂ ಬದಲಾಗುವ ತನಕ ರಾಯರು ಅಲ್ಲಿ ಇಡ್ಲಿ ಮುಟ್ಟುವುದಿಲ್ಲ. 2025ರ ಆಗಸ್ಟಿನಲ್ಲಿ ಹೆಬ್ಬಾಳದ ಮೇಲ್ಸೇತುವೆಗೆ ಹೊಸ ಲೂಪ್ ಸೇರಿತು, ನಾಗವಾರದ ಕಡೆಯಿಂದ ಬಂದವರು ಮೇಖ್ರಿ ಸರ್ಕಲ್ ಕಡೆಗೆ ಹೋಗಲು. ಬೆಂಗಳೂರಿಗೆ ಬೆಂಗಳೂರೇ ಅದರ ಮೇಲೆ ಹರಿಯಿತು. ರಾಯರ ಕಾರು ಮಾತ್ರ ಹಳೆಯ ದಾರಿಯಲ್ಲೇ ತೆವಳಿತು. ಮಳೆಗಾಲ ಒಂದು ಕಳೆಯಲಿ, ಎಲ್ಲಿ ನೀರು ನಿಲ್ಲುತ್ತದೋ ನೋಡೋಣ ಎಂದು.

ಮೊನ್ನೆ ನಾಗವಾರದಿಂದ ಸದಾಶಿವನಗರದ ಮುಹೂರ್ತಕ್ಕೆ ಹೊರಟಾಗ ಅವರ ಹೆಂಡತಿ ಕಾರಿನ ಬಾಗಿಲು ತೆಗೆದವರು ಮತ್ತೆ ಹಾಕಿ, ಆಟೋಗೆ ಕೈ ತೋರಿಸಿದರು.

“ನಾನು ಲೂಪ್ ಮೇಲೆ ಹೋಗಿ ಧಾರೆ ನೋಡ್ತೀನಿ ಕಣ್ರೀ. ನೀವು ಪಾಯಿಂಟ್ ಒನ್ ಬಂದ್ಮೇಲೆ ಬನ್ನಿ, ನಾಮಕರಣಕ್ಕೆ.”