ಲೆಕ್ಕಕ್ಕಿಲ್ಲದ ಗೋಬಿ

ಹಾಜರಿ ಪುಸ್ತಕದಲ್ಲಿ ಇವನ ಹೆಸರು ಬೇರೆ ಏನೋ ಇದೆ. ಹಾಸ್ಟೆಲಿನಲ್ಲಿ ಮಾತ್ರ ಎಲ್ಲರಿಗೂ ಇವನು ಗ್ರಾಮಣ್ಣ. ಹಳ್ಳಿಯವನು ಅನ್ನುವ ಕಾರಣಕ್ಕಲ್ಲ, ಹಾಗೆ ನೋಡಿದರೆ ಹಾಸ್ಟೆಲಿನ ಮುಕ್ಕಾಲು ಪಾಲು ಗ್ರಾಮಣ್ಣಂದಿರೇ. ತಟ್ಟೆಗೆ ಬಿದ್ದದ್ದನ್ನು ಪ್ರೋಟೀನಿನ ಗ್ರಾಮಿಗೆ ಇಳಿಸದೆ ಇವನು ಬಾಯಿಗಿಡುವುದಿಲ್ಲ. "ಇಡ್ಲಿ ಹೇಗಿದೆಯೋ?" ಅಂತ ಕೇಳಿದರೆ "ಎರಡು ಗ್ರಾಂ" ಅನ್ನುತ್ತಾನೆ. "ಮೊಟ್ಟೆ?" "ಆರು." "ಮೆಸ್ಸಿನ ಸಾರು?" ಅಂದಾಗ ಮಾತ್ರ ಉತ್ತರವಿಲ್ಲ. ಸಾರಿನ ಪಾತ್ರೆಯ ಕಡೆ ನೋಡಿ ನಿಟ್ಟುಸಿರು ಬಿಡುತ್ತಾನೆ.

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್‌ಗೆ ಬಂದವರ ನಡುವೆ, ಬೆಂಗಳೂರಿನ ವಿಜಯನಗರದ ಪಿ.ಜಿ.ಗಳಲ್ಲಿ ಇವನ ಅಣ್ಣತಮ್ಮಂದಿರು ಬೇಕಾದಷ್ಟು ಸಿಗುತ್ತಾರೆ. ನಾನು ಹೇಳುತ್ತಿರುವವನು ಮೈಸೂರಿನವನು. ಅಂದರೆ ಓದುವುದು ಮಾನಸಗಂಗೋತ್ರಿಯಲ್ಲಿ, ಊರು ನಾಗಮಂಗಲದ ಕಡೆ. ಬ್ಯಾಗಿನ ಪಕ್ಕದ ಜೇಬಿನಲ್ಲಿ ಶೇಕರ್ ಬಾಟಲಿ, ಕೈಯಲ್ಲಿ ಹೆಜ್ಜೆ ಎಣಿಸುವ ವಾಚು. ಆ ವಾಚಿನಲ್ಲಿ ದಿನಕ್ಕೆ ಹತ್ತು ಸಾವಿರ ಹೆಜ್ಜೆ ತೋರಿಸಬೇಕು. ಸಂಜೆಯ ಹೊತ್ತಿಗೆ ಕಡಿಮೆ ಬಿದ್ದರೆ ಮಂಚದ ಮೇಲೆ ಕೂತೇ ಕೈ ಬೀಸಿ ಭರ್ತಿ ಮಾಡುತ್ತಾನೆ. ಕುವೆಂಪು ಅಡ್ಡಾಡುತ್ತಿದ್ದ ಕುಕ್ಕರಹಳ್ಳಿ ಕೆರೆಯ ಏರಿ ಹಾಸ್ಟೆಲಿನಿಂದ ಕೂಗಳತೆಯಲ್ಲಿದೆ. ಅಲ್ಲಿಗೂ ಹೋಗಿದ್ದಾನೆ, ರೀಲ್ಸ್ ಮಾಡುವುದಕ್ಕೆ.

ಮೆಸ್ಸಿನಲ್ಲಿ ಬೆಳಗಿನ ತಿಂಡಿ ಒಂಬತ್ತೂವರೆಗೆ ಮುಗಿಯುತ್ತದೆ. ಗ್ರಾಮಣ್ಣ ಏಳುವುದು ಹತ್ತಕ್ಕೆ. ನಮ್ಮ ಕಾಲದಲ್ಲೂ ಹತ್ತಕ್ಕೆ ಏಳುವವರಿದ್ದರು. ಅದನ್ನು ಸೋಮಾರಿತನ ಅಂತ ಒಪ್ಪಿಕೊಂಡು, ಕ್ಯಾಂಟೀನಿನಲ್ಲಿ ಒಂದು ಟೀ, ಎರಡು ಬನ್ನು ಮುಗಿಸಿ ಕ್ಲಾಸಿಗೆ ಬರುತ್ತಿದ್ದರು. ಇವನು ಅದಕ್ಕೆ ಇಂಟರ್‌ಮಿಟೆಂಟ್ ಫಾಸ್ಟಿಂಗ್ ಅಂತ ಹೆಸರಿಟ್ಟಿದ್ದಾನೆ. ಹದಿನಾರು ಗಂಟೆ ಉಪವಾಸ, ಉಳಿದ ಎಂಟು ಗಂಟೆಯೊಳಗೆ ಊಟ ತಿಂಡಿ. ಶಿವರಾತ್ರಿಯ ದಿನ ಅವ್ವ "ಒಂದೊತ್ತು ಉಪಾಸ ಇರು ಮಗ" ಅಂದರೆ ಹನ್ನೊಂದು ಗಂಟೆಗೇ ತಲೆಸುತ್ತು ಬಂದು ಮಲಗಿಬಿಡುತ್ತಿದ್ದವನು ಈಗ ದಿನವೂ ಶಿವರಾತ್ರಿ ಮಾಡುತ್ತಾನೆ. ಜಾಗರಣೆಯಂತೂ ಮೊದಲಿಂದಲೂ ರೂಢಿ. "ಊಟ ಮಧ್ಯಾಹ್ನ 1ರಿಂದ ರಾತ್ರಿ 9" ಅಂತ ಬರೆದು ಗೋಡೆಗೆ ಅಂಟಿಸಿದ್ದಾನೆ. ರಾತ್ರಿ ಹನ್ನೆರಡೂವರೆಗೆ ಪಕ್ಕದ ರೂಮಿನಲ್ಲಿ, ವಾರ್ಡನ್ನರಿಗೆ ಗೊತ್ತಿಲ್ಲದ ಎಲೆಕ್ಟ್ರಿಕ್ ಕೆಟಲ್‌ನೊಳಗೆ ಮ್ಯಾಗಿ ಬೇಯುತ್ತದೆ. ಗ್ರಾಮಣ್ಣ ಅದನ್ನು ಅಲ್ಲೇ ಹೋಗಿ ತಿನ್ನುತ್ತಾನೆ. ಚೀಟಿ ಅಂಟಿಸಿರುವುದು ತನ್ನ ರೂಮಿನ ಗೋಡೆಗೆ ತಾನೆ?

ಇವನ ಶಾಸ್ತ್ರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿಂತುಕೊಂಡು ತಿಂದದ್ದು ಲೆಕ್ಕಕ್ಕಿಲ್ಲ. ಇನ್ನೊಬ್ಬರ ತಟ್ಟೆಯಿಂದ ಎತ್ತಿಕೊಂಡದ್ದು ಅವರ ಲೆಕ್ಕಕ್ಕೆ ಹೋಗುತ್ತದೆ. ಬರ್ತ್‌ಡೇ ಕೇಕು ಸ್ನೇಹದ ಖಾತೆ, ಬೆಟ್ಟಕ್ಕೆ ಹೋದಾಗ ಕೊಟ್ಟ ಪೊಂಗಲು ದೇವರ ಖಾತೆ. ಪರೀಕ್ಷೆಯ ಹಿಂದಿನ ರಾತ್ರಿ ಏನು ತಿಂದರೂ ಅದು ಮೆದುಳಿಗೆ ಹೋಗುವುದರಿಂದ ಹೊಟ್ಟೆಗೆ ಸಂಬಂಧವಿಲ್ಲ. ಏಕಾದಶಿಗೆ ಅನ್ನ ಬಿಟ್ಟು ಎರಡು ತಟ್ಟೆ ಉಪ್ಪಿಟ್ಟು ಇಳಿಸಿ, ಮೇಲೆ ಬಾಳೆಹಣ್ಣಿನ ರಸಾಯನ ಕುಡಿದು "ಇವತ್ತು ಬರೀ ಫಲಾಹಾರ" ಅಂತ ತೇಗುವ ಹಿರಿಯರನ್ನು ನೋಡಿ ಬೆಳೆದ ನಾಡು ನಮ್ಮದು. ಹಾಗಾಗಿ ಗ್ರಾಮಣ್ಣನನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ. ನನ್ನ ಅಜ್ಜಿಗೆ ಮಡಿ ಇತ್ತು, ಇವನಿಗೆ ಡಯಟ್ ಇದೆ. ಅಜ್ಜಿಯೂ ಮುಟ್ಟಬಾರದ್ದನ್ನು ಮುಟ್ಟಿದವರನ್ನು ದಿನವಿಡೀ ಹಂಗಿಸುತ್ತಿದ್ದಳು. ಇವನೂ ಮೆಸ್ಸಿನಲ್ಲಿ ಪಕ್ಕದವನ ಪೂರಿ ನೋಡಿ "ಎಣ್ಣೆ ಮಗಾ, ಎಣ್ಣೆ" ಅಂತ ಮುಖ ಕಿವುಚುತ್ತಾನೆ. ವ್ಯತ್ಯಾಸವಿರುವುದು ಒಂದೇ. ಅಜ್ಜಿ ಮಡಿಯಲ್ಲಿದ್ದಾಗ ನಿಜವಾಗಿಯೂ ಮುಟ್ಟುತ್ತಿರಲಿಲ್ಲ.

ಸೋಮವಾರ, ಶನಿವಾರ ಬಂದರೆ ಇವನಿಗೆ ಧರ್ಮಸಂಕಟ. ಸೋಮವಾರ ಮಂಜುನಾಥಸ್ವಾಮಿಗೆ, ಶನಿವಾರ ಆಂಜನೇಯನಿಗೆ ಅಂತ ಅವ್ವ ಹರಕೆ ಹೊತ್ತಿದ್ದಾಳೆ. ಆ ಎರಡು ದಿನ ಮೊಟ್ಟೆ ಮುಟ್ಟುವಂತಿಲ್ಲ. ಭಾನುವಾರ ರಾತ್ರಿಯೇ ಸೋಮವಾರದ ಪಾಲಿನ ಮೊಟ್ಟೆಗಳನ್ನೂ ಮುಂಗಡವಾಗಿ ತಿಂದಿಡುತ್ತಾನೆ. ಹಾಗೆ ಪ್ರೋಟೀನನ್ನು ಮೈ ಕೂಡಿಟ್ಟುಕೊಳ್ಳುವುದಿಲ್ಲ ಕಣಯ್ಯ ಅಂತ ಬಯೋಕೆಮಿಸ್ಟ್ರಿ ಓದುವ ಗೆಳೆಯ ಹೇಳಿ ನೋಡಿದ. "ನಂಬಿಕೆ ಮಗಾ" ಅಂದುಬಿಟ್ಟ. ಅದು ಯಾವುದರ ಮೇಲಿನ ನಂಬಿಕೆ ಅಂತ ಕೇಳುವ ಧೈರ್ಯ ಗೆಳೆಯನಿಗೆ ಬರಲಿಲ್ಲ.

ಅವ್ವ ತಿಂಗಳಿಗೊಮ್ಮೆ ಊರಿನವರ ಕೈಯಲ್ಲಿ ಒಂದು ಚೀಲ ಕಳಿಸುತ್ತಾಳೆ. ಹುಚ್ಚೆಳ್ಳು ಚಟ್ನಿಪುಡಿ, ನಿಪ್ಪಟ್ಟು, ಹುರಿದ ಕಡಲೇಕಾಯಿ ಬೀಜ, ಪುಟ್ಟ ಡಬ್ಬಿಯಲ್ಲಿ ತುಪ್ಪ, ಒಂದೊಂದು ಸಲ ಹುರಿಹಿಟ್ಟು. ಚೀಲದ ಗಂಟು ಬಿಚ್ಚಿದ ಸದ್ದಿಗೆ ಇಡೀ ಮಹಡಿ ಎದ್ದು ಬರುತ್ತದೆ. ನಿಪ್ಪಟ್ಟು ಒಂದು ರಾತ್ರಿ ಬಾಳಿದರೆ ಅದೃಷ್ಟ. ಕಡಲೇಕಾಯಿ ಬೀಜವನ್ನು ಮಾತ್ರ ಗ್ರಾಮಣ್ಣ ತಾನೇ ಮುಂದೆ ನಿಂತು ಎಲ್ಲರಿಗೂ ಹಂಚುತ್ತಾನೆ. "ನಂಗೆ ಬೇಡ, ಫ್ಯಾಟು" ಅನ್ನುತ್ತಾನೆ. ಹಂಚಿ ಮುಗಿಸಿ, ಅದೇ ಬೀಜವನ್ನು ಅರೆದು ಸೀಸೆಗೆ ತುಂಬಿದ ಪೀನಟ್ ಬಟರನ್ನು ಬ್ರೌನ್ ಬ್ರೆಡ್ಡಿಗೆ ಸವರಿಕೊಂಡು ತಿನ್ನುತ್ತಾನೆ. ರಾಗಿಯ ಕಥೆಯೂ ಇಂಥದ್ದೇ. ಹಾಸ್ಟೆಲಿಗೆ ಬಂದ ಹೊಸದರಲ್ಲಿ ಮುದ್ದೆ ಅಂದರೆ ನಾಚುತ್ತಿದ್ದ. ವಿಶ್ವಸಂಸ್ಥೆ 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಘೋಷಿಸಿದ ಮೇಲೆ, ಹುಟ್ಟಿದಾಗಿನಿಂದ ತಾನು ನುಂಗಿದ್ದು ಸೂಪರ್‌ಫುಡ್ ಅಂತ ಮೊಬೈಲಿನಿಂದ ತಿಳಿಯಿತು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮೀರಿ ಕ್ಯಾಲ್ಸಿಯಂ ಇದೆ ಅಂತ ಅವ್ವನಿಗೇ ಫೋನು ಮಾಡಿ ಪಾಠ ಹೇಳಿದ. "ಹೌದಾ ಮಗ? ಹಂಗಾರೆ ಮುದ್ದೆ ಉಣ್ತಿದ್ದೀಯಾ ಈಗ?" ಅಂತ ಅವಳು ಆಸೆಯಿಂದ ಕೇಳಿದಳು. "ಇಲ್ಲ ಕಣವ್ವ, ರಾಗಿ ಕುಕ್ಕೀಸ್."

ಪ್ರೋಟೀನ್ ಪುಡಿಯ ಡಬ್ಬಕ್ಕೆ ಬರೋಣ. ಅದರ ಬೆಲೆ ಇವನ ತಿಂಗಳ ಮೆಸ್ ಬಿಲ್ಲನ್ನು ಮೀರಿಸುತ್ತದೆ. ದಿನಕ್ಕೆ ದೇಹದ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು ಅನ್ನುತ್ತದೆ ಐಸಿಎಂಆರ್. ಗ್ರಾಮಣ್ಣ ತೂಗುವುದು 58 ಕಿಲೋ, ಹಾಗಾಗಿ ಸುಮಾರು 48 ಗ್ರಾಂ ಆಯಿತು. ಅನ್ನ, ಬೇಳೆ, ಕಾಳು, ಮೊಸರು, ಒಂದೆರಡು ಮೊಟ್ಟೆ ನೆಟ್ಟಗೆ ತಿಂದರೆ ಅಲ್ಲಿಗೆ ಮುಟ್ಟುವುದು ಕಷ್ಟವೇನಲ್ಲ. ಅದೇ ಸಂಸ್ಥೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಜೊತೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ, ಮೈಕಟ್ಟಿಗೆಂದು ಇಂಥ ಪುಡಿಗಳ ಮೊರೆಹೋಗಬೇಡಿ ಅಂತಲೂ ಹೇಳಿದೆ. ಇದನ್ನೆಲ್ಲ ತೋರಿಸಿದರೆ ಗ್ರಾಮಣ್ಣನಿಗೆ ಕನಿಕರ ಉಕ್ಕುತ್ತದೆ. "ಅದು ನಾರ್ಮಲ್ ಜನಕ್ಕೆ ಸರ್. ವರ್ಕೌಟ್ ಮಾಡೋರಿಗೆ ಡಬಲ್‌ಗಿಂತ ಜಾಸ್ತಿ ಬೇಕು." ವರ್ಕೌಟ್ ನಿಜವೇ. ಜಿಮ್ಮಿಗೆ ಮೂರು ತಿಂಗಳ ಫೀಸು ಒಟ್ಟಿಗೇ ಕಟ್ಟಿದ್ದಾನೆ. ಎದೆ, ತೋಳಿನ ದಿನ ತಪ್ಪಿಸುವುದಿಲ್ಲ. ಕಾಲಿನ ದಿನ ಮಾತ್ರ ಇವನಿಗೆ ಅಸೈನ್‌ಮೆಂಟ್ ಇರುತ್ತದೆ. ನಮ್ಮ ವಿಭಾಗದಲ್ಲಿ ಯಾರೂ ಕೊಡದ ಅಸೈನ್‌ಮೆಂಟ್ ಅದು.

ರಜೆಯಲ್ಲಿ ಡಬ್ಬವನ್ನು ಊರಿಗೂ ಹೊತ್ತುಕೊಂಡು ಹೋಗಿದ್ದ. ಅಪ್ಪ ಅದನ್ನು ಎತ್ತಿ, ಅಲ್ಲಾಡಿಸಿ ನೋಡಿದರಂತೆ.

"ಏನ್ಲಾ ಇದು, ನಮ್ ಹಸೀನ್ ಫೀಡ್ ಥರಾ ಅದೆ?"

"ಪ್ರೋಟೀನ್ ಕಣಪ್ಪ."

"ಯಾವುದ್ರಲ್ಲಿ ಮಾಡ್ತಾರೆ?"

"ಹಾಲಲ್ಲೇ. ಚೀಸ್ ಮಾಡೋವಾಗ ಹಾಲು ಒಡೆಸಿ ಗಟ್ಟಿ ತೆಕ್ಕೊತಾರಲ್ಲ, ಉಳಿಯೋ ನೀರನ್ನ ಒಣಗಿಸಿ ಪುಡಿ ಮಾಡ್ತಾರೆ."

ಅಪ್ಪ ಡಬ್ಬವನ್ನು ಮೆಲ್ಲಗೆ ಕೆಳಗಿಟ್ಟರು. "ಅಂದ್ರೆ ನಾನು ಬೆಳಗ್ಗೆ ಎದ್ದು ಡೈರಿಗೆ ಹಾಲು ಹಾಕೋದು, ಬಂದ ದುಡ್ಡಲ್ಲಿ ನೀನು ಒಡೆದಾಲಿನ ನೀರು ತರೋದು. ಆ ಹಾಲನ್ನ ಇಲ್ಲೇ ಕುಡುದ್ರೆ ಆಗಾಕಿಲ್ವಾ?"

"ಹಾಲಲ್ಲಿ ಫ್ಯಾಟ್ ಇರುತ್ತಪ್ಪ" ಅಂದ ಮಗ. ಡೈರಿಯಲ್ಲಿ ಫ್ಯಾಟ್ ಜಾಸ್ತಿ ಬಂದರೆ ದುಡ್ಡೂ ಜಾಸ್ತಿ ಅಂತಷ್ಟೇ ತಿಳಿದಿದ್ದ ಆ ಮನುಷ್ಯ ಮುಂದೆ ಮಾತಾಡಲಿಲ್ಲ, ಎದ್ದು ಕೊಟ್ಟಿಗೆಯ ಕಡೆ ಹೋದರು.

ಇಷ್ಟೆಲ್ಲ ಕಟ್ಟುನಿಟ್ಟು ಸಂಜೆ ಆರರವರೆಗೆ. ಆರಕ್ಕೆ ಹಾಸ್ಟೆಲ್ ರಸ್ತೆಯ ತಿರುವಿನಲ್ಲಿ ಗೋಬಿ ಗಾಡಿ ಬಂದು ನಿಲ್ಲುತ್ತದೆ. ಬಾಣಲೆಗೆ ಎಣ್ಣೆ ಬಿದ್ದು, ಸೌಟು ತವಾಕ್ಕೆ ಬಡಿಯುವ ಟಣಟಣ ಶುರುವಾದರೆ ಗಂಗೋತ್ರಿಯ ಯಾವ ಸೆಮಿನಾರಿಗೂ ಸೇರದ ಜನ ಅಲ್ಲಿ ಸೇರುತ್ತದೆ. ಗ್ರಾಮಣ್ಣ ಗುಂಪಿನ ಅಂಚಿನಲ್ಲಿ, ಬಂದದ್ದು ಬೇರೆ ಯಾವುದೋ ಕೆಲಸಕ್ಕೆ ಅನ್ನುವ ಮುಖ ಮಾಡಿ ನಿಲ್ಲುತ್ತಾನೆ. ಮೊದಲು ಸ್ನೇಹಿತನ ಪ್ಲೇಟಿನಿಂದ ಕಡ್ಡಿಯಲ್ಲಿ ಒಂದು ಚುಚ್ಚುತ್ತಾನೆ. ರುಚಿ ನೋಡುವುದಕ್ಕೆ. ಎರಡನೆಯದು ಮೊದಲನೆಯದರ ಖಾರ ಆರಿಸುವುದಕ್ಕೆ. ಆಮೇಲೆ ಗಂಟಲು ಸರಿಮಾಡಿಕೊಂಡು, "ಅಣ್ಣಾ, ಒಂದು ಹಾಫ್. ಡ್ರೈ ಮಾಡಿ, ಎಣ್ಣೆ ಕಮ್ಮಿ" ಅನ್ನುತ್ತಾನೆ. ಮುಳುಗಿಸಿ ಕರಿದದ್ದನ್ನು ಎಣ್ಣೆ ಕಮ್ಮಿ ಮಾಡಿ ಕೊಡುವ ವಿದ್ಯೆ ಗಾಡಿಯಣ್ಣನಿಗೂ ತಿಳಿಯದು. ಆದರೂ ದಿನಾ "ಆಯ್ತು ಬ್ರದರ್" ಅನ್ನುತ್ತಾನೆ. ಒಳ್ಳೆಯ ಮನುಷ್ಯ. ಹಾಫ್ ಮುಗಿದ ಮೇಲೆ ಇನ್ನೊಂದು ಹಾಫ್. ಫುಲ್ ಪ್ಲೇಟ್ ಮಾತ್ರ ಜನ್ಮದಲ್ಲಿ ತಗೊಂಡವನಲ್ಲ. "ಎಷ್ಟಾದ್ರೂ ತರಕಾರಿ ತಾನೇ ಮಗಾ? ಹೂಕೋಸಲ್ಲಿ ವಿಟಮಿನ್ ಸಿ ಇದೆ" ಅನ್ನುತ್ತಾನೆ. ಆ ವಿಟಮಿನ್ ಬಿಸಿಗೆ ತಡೆಯುವುದಿಲ್ಲ, ಕಾದ ಎಣ್ಣೆಯ ಮುಂದಂತೂ ಕೇಳುವುದೇ ಬೇಡ.

2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಗೋಬಿಗೂ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಆ ದಿನ ಹಾಸ್ಟೆಲಿನ ಟಿ.ವಿ. ರೂಮಿನಲ್ಲಿ ಕ್ರಿಕೆಟ್ ಇದ್ದಾಗಲೂ ಸೇರದಷ್ಟು ಜನ ಸುದ್ದಿ ನೋಡಿದರು. ಪರೀಕ್ಷೆಗೆ ತೆಗೆದುಕೊಂಡ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಅಂತ ಬಣ್ಣಗಳ ಹೆಸರೂ ಬಂದವು. ಎಲ್ಲರೂ ಗ್ರಾಮಣ್ಣನ ಮುಖ ನೋಡಿದರು. ಲೇಬಲ್ ಓದದೆ ನೀರು ಕೂಡ ಕುಡಿಯದವನು, ಈಗ ಏನು ತೀರ್ಪು ಕೊಡುತ್ತಾನೋ ಅಂತ. ಅವನು ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ತೆಗೆದ. "171ರಲ್ಲಿ 107 ಹೋದರೆ 64 ಸೇಫ್. ನಮ್ಮಣ್ಣಂದು ಆ 64ರಲ್ಲಿದೆ" ಅಂದ. ಮಾರನೆಯ ದಿನ ಗಾಡಿಯಣ್ಣ ಬಣ್ಣ ಬಿಟ್ಟು, ಬೆಳ್ಳಗೆ ಬಿಳಿಚಿಕೊಂಡ ಗೋಬಿ ಕೊಟ್ಟ. ಹಿಂದಿನ ದಿನದ ಲೆಕ್ಕ ಎಷ್ಟು ಸರಿಯಿತ್ತು ಅನ್ನುವುದು ಅಲ್ಲಿಗೆ ಎಲ್ಲರಿಗೂ ಗೊತ್ತಾಯಿತು. ಗ್ರಾಮಣ್ಣ ಒಂದು ಚೂರು ಅಗಿದು, "ಆರೋಗ್ಯಕ್ಕೆ ಒಳ್ಳೇದು, ಆದ್ರೆ ಆ ಟೇಸ್ಟಿಲ್ಲ" ಅಂತ ಗೊಣಗಿದ. ಜೂನ್ ತಿಂಗಳಲ್ಲಿ ಕಬಾಬಿನ ಬಣ್ಣಕ್ಕೂ ನಿಷೇಧ ಬಂತು. ಅಂದು ಸೋಮವಾರವಾದ್ದರಿಂದ ಇವನು ಪ್ರತಿಕ್ರಿಯಿಸಲಿಲ್ಲ.

ದುಡ್ಡಿನ ವಿಚಾರ ಕೇಳಬೇಡಿ. ಇದೇ ಮೈಸೂರಿನಲ್ಲಿ ಒಂದು ಕಾಲಕ್ಕೆ ಬಡ ಹುಡುಗರು ವಾರಾನ್ನ ಹಚ್ಚಿಕೊಂಡು ಓದುತ್ತಿದ್ದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಯಾವುದಾದರೂ ವಾರ ತಪ್ಪಿದರೆ ಅಂದು ಹೊಟ್ಟೆಗೆ ತಣ್ಣೀರು. ಹಾಕಿದ್ದನ್ನು ಉಂಡು ಎದ್ದು ಬರಬೇಕಿತ್ತು, ಗ್ರಾಂ ಕೇಳುವ ಹಾಗಿರಲಿಲ್ಲ. ಗ್ರಾಮಣ್ಣ ಆ ಪದ್ಧತಿಯನ್ನು ಉಳಿಸಿಕೊಂಡಿದ್ದಾನೆ. ಸೋಮವಾರ ಒಬ್ಬನ ಫೋನ್‌ಪೇ, ಮಂಗಳವಾರ ಇನ್ನೊಬ್ಬನ ಫೋನ್‌ಪೇ. "ಸ್ಕ್ಯಾನ್ ಮಾಡು ಮಗಾ, ಆಮೇಲೆ ಹಾಕ್ತೀನಿ."

ಇಂಥ ಬಾಳಿಗೆ ಗ್ಯಾಸ್ಟ್ರಿಕ್ ಬರದೆ ಇನ್ನೇನು ಬರುತ್ತದೆ? ಎದೆ ಹಿಡಿದುಕೊಂಡು ಒಂದು ಮಧ್ಯಾಹ್ನ ಡಾಕ್ಟರ ಮುಂದೆ ಕೂತ. "ಬೆಳಿಗ್ಗೆ ಏನು ತಿಂದೆ?" ಅಂದರು. "ಫಾಸ್ಟಿಂಗು ಡಾಕ್ಟ್ರೇ." "ರಾತ್ರಿ?" "ಲೈಟಾಗಿ." "ಲೈಟಾಗಿ ಅಂದರೆ?" "ಎಗ್ ರೈಸು." "ಎಷ್ಟು ಹೊತ್ತಿಗೆ?" ಗ್ರಾಮಣ್ಣ ಗೋಡೆಯ ಕಡೆ ನೋಡಿದ. ಅವರ ಗೋಡೆಯಲ್ಲಿ ಚೀಟಿ ಇರಲಿಲ್ಲ. ರಕ್ತಪರೀಕ್ಷೆ ಬರೆಸಿಕೊಂಡು ಬಂದ. ವಿಟಮಿನ್ ಡಿ ತಳ ಹಿಡಿದಿತ್ತು. ಮಾತ್ರೆ ತಗೋ, ಬಿಸಿಲಿಗೂ ಸ್ವಲ್ಪ ಮೈಯೊಡ್ಡು ಅಂದರು ಡಾಕ್ಟರು. ಈ ಸಂಗತಿ ಊರಿಗೆ ಮುಟ್ಟಿದಾಗ ಅಪ್ಪ ಫೋನಿನಲ್ಲಿ ಬಹಳ ಹೊತ್ತು ನಕ್ಕರು. "ಬಿಸಿಲ್ ತಾನೆ? ಬಾ, ಕಬ್ಬಿಗೆ ತರಗು ಬುಡುಸೋ ಕೆಲ್ಸ ಹಂಗೇ ಅದೆ."

ಹೋಗಲಿಲ್ಲ, ಯಾಕೆಂದರೆ ಆ ವಾರವೇ ಮೆಸ್ ಸೆಕ್ರೆಟರಿ ಚುನಾವಣೆ. ಗೆದ್ದ. ನಮ್ಮ ಹಾಸ್ಟೆಲಿನದು ಡಿವೈಡಿಂಗ್ ಪದ್ಧತಿ. ತಿಂಗಳ ಖರ್ಚನ್ನು ತಲೆಗಿಷ್ಟು ಅಂತ ಹಂಚುತ್ತಾರೆ. ಹಾಗಾಗಿ ಸೆಕ್ರೆಟರಿ ಹೇಳಿದ್ದೇ ಸಾಮಾನು ಪಟ್ಟಿ. ಗ್ರಾಮಣ್ಣ ಮೊದಲ ದಿನವೇ ಸಂಜೆಯ ಬೋಂಡ ನಿಲ್ಲಿಸಿ, ಮೊಳಕೆ ಹೆಸರುಕಾಳು ಹಸಿಯಾಗಿ ಇಡಿಸಿದ. ಅಡುಗೆಯ ಅಣ್ಣ "ಯಾರಿಗೆ ಸಾರ್ ಇದು?" ಅಂತ ನಿಜವಾಗಿ ತಿಳಿಯದೆ ಕೇಳಿದ. ಎರಡನೇ ದಿನ ಪೂರಿಯ ಜಾಗಕ್ಕೆ ಓಟ್ಸ್ ಬಂತು. ಓಟ್ಸನ್ನು ಹುಡುಗರು ಬಾಯಿಗಿಂತ ಹೆಚ್ಚಾಗಿ ನೋಟೀಸ್ ಬೋರ್ಡಿಗೆ ಬಳಸಿದರು. ಚೆನ್ನಾಗಿ ಅಂಟುತ್ತಿತ್ತು. ಮೂರನೇ ದಿನ ಅಡುಗೆಯ ಅಣ್ಣ ಯಾರನ್ನೂ ಕೇಳದೆ, ಮಿಕ್ಕಿದ ಮೊಳಕೆಕಾಳನ್ನೆಲ್ಲ ಬೇಯಿಸಿ, ಬೆಳ್ಳುಳ್ಳಿ, ಮೆಣಸು, ಹುಣಸೆಹುಳಿ, ಕೊಬ್ಬರಿ ಅರೆದು ಹಾಕಿ ಸಾರು ಮಾಡಿ, ಜೊತೆಗೆ ಮುದ್ದೆ ತೊಳಸಿದ. ಜನ ಎರಡೆರಡು ಸಲ ಎದ್ದುಹೋಗಿ ಹಾಕಿಸಿಕೊಂಡರು. ಆ ಸಾರಿನಲ್ಲಿ ಎಷ್ಟು ಗ್ರಾಂ ಪ್ರೋಟೀನ್ ಇತ್ತು ಅಂತ ಹೇಳಲು ಸೆಕ್ರೆಟರಿ ಊಟದ ಹೊತ್ತಿಗೆ ಮೆಸ್ಸಿನಲ್ಲಿರಲಿಲ್ಲ.

ಹುಡುಕಿಕೊಂಡು ಹೋದವರಿಗೆ ತಿರುವಿನ ಗಾಡಿಯ ಹತ್ತಿರ ಸಿಕ್ಕ. ಕೈಯಲ್ಲಿ ಪ್ಲೇಟು, ಬಾಯಲ್ಲಿ ಕಡ್ಡಿ.

"ಏನೋ ಸೆಕ್ರೆಟರಿ, ನಮಗೆ ಓಟ್ಸು, ನಿನಗೆ ಇದಾ?"

"ಲೋ, ನಮ್ಮ ಹುಡುಗ್ರು ಮೆಸ್ ಬಿಟ್ಟು ಹೊರಗಡೆ ಏನು ತಿಂತಾರೆ ಅಂತ ಸರ್ವೆ ಮಾಡ್ತಿದ್ದೀನಿ" ಅಂದ ಗ್ರಾಮಣ್ಣ. ಗಾಡಿಯಣ್ಣನ ಕಡೆ ತಿರುಗಿ, "ಅಣ್ಣಾ, ಇನ್ನೊಂದು ಹಾಫ್. ಈರುಳ್ಳಿ ಜಾಸ್ತಿ. ಸ್ಕ್ಯಾನರ್ ಇವನಿಗೆ ತೋರಿಸಿ."