ಸರ್ಚ್ ರಾಯರು

ಗಾಂಧಿಬಜಾರಿನಲ್ಲಿ ಬದನೆಕಾಯಿಗೆಂದು ನಾಲ್ಕು ಗಾಡಿ ಸುತ್ತಿ, ಐದನೆಯವನ ಹತ್ತಿರ ಚೌಕಾಸಿ ಮಾಡಿ, ಕೊನೆಗೆ ಮೊದಲನೆಯವನಲ್ಲೇ ಅರ್ಧ ಕಿಲೋ ತೂಗಿಸಿಕೊಳ್ಳುವವರಿದ್ದಾರಲ್ಲ, ಅವರು ಬ್ಯಾಂಕಿನಿಂದ ನಿವೃತ್ತರಾಗಿ ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡರೆ ಸರ್ಚ್ ರಾಯರಾಗುತ್ತಾರೆ. ಬಡಾವಣೆಗೊಬ್ಬರಂತೂ ಇದ್ದೇ ಇರುತ್ತಾರೆ.

ಯಾರಾದರೂ 'ಗೂಗಲ್ ಮಾಡಿದೆ' ಎಂದರೆ ರಾಯರಿಗೆ ಮೈಯೆಲ್ಲ ಉರಿ. "ಗೂಗಲ್ ಕಂಪನಿ ಹುಟ್ಟಿದ್ದೇ 1998ರಲ್ಲಿ. ನಾವು ಅದಕ್ಕೂ ಮುಂಚೆ ಆಲ್ಟಾವಿಸ್ಟಾ ನೋಡಿದವರು" ಎನ್ನುತ್ತಾರೆ, ಗಾಂಧೀಜಿಯನ್ನು ಕಣ್ಣಾರೆ ಕಂಡವರ ಗತ್ತಿನಲ್ಲಿ. 1995ರಲ್ಲಿ ಶುರುವಾದ ಆಲ್ಟಾವಿಸ್ಟಾವನ್ನು ಯಾಹೂ ಮುಚ್ಚಿದ್ದು 2013ರ ಜುಲೈ 8ರಂದು. ಆ ರಾತ್ರಿ ರಾಯರು ದುಃಖದಿಂದ ಊಟ ಬಿಟ್ಟರೆಂದು ಪ್ರತೀತಿ. ಅವತ್ತು ಅಮಾವಾಸ್ಯೆ, ಹೇಗೂ ಫಲಾಹಾರವೇ ಎಂದು ಮನೆಯಾಕೆಯ ತಕರಾರು.

2021ರ ಜೂನ್‌ನಲ್ಲಿ ರಾಯರ ಅಭಿಮಾನಕ್ಕೆ ಪೆಟ್ಟು ಬಿತ್ತು. ಭಾರತದ ಅತಿ ಕೊಳಕು ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದವರಿಗೆ ಗೂಗಲ್ 'ಕನ್ನಡ' ಎಂದು ತೋರಿಸಿಬಿಟ್ಟಿತ್ತು. ನಾಡಿಗೆ ನಾಡೇ ರೇಗಿತು, ಗೂಗಲ್ ಕ್ಷಮೆ ಕೇಳಿತು. ರಾಯರು ಕ್ಷಮಿಸಲಿಲ್ಲ. ಬ್ಯಾಂಕಿನ ಕಾಲದ ಹಳೇ ಲೆಡ್ಜರ್ ಹೊರತೆಗೆದು ಬಿಂಗ್, ಯಾಹೂ, ಡಕ್‌ಡಕ್‌ಗೋ ಎಂದು ಮೂರು ಕಾಲಂ ಎಳೆದು, ಕೆಂಪು ಶಾಯಿಯಲ್ಲಿ ಅಂಕ ಕೊಡತೊಡಗಿದರು.

ಪ್ರಶ್ನೆಪತ್ರಿಕೆಯೂ ಅವರದೇ. 'ಮಂಡಿ' ಎಂದು ಟೈಪಿಸಿದರೆ ಒಂದು ಕಡೆ ಈರುಳ್ಳಿ ಧಾರಣೆ, ಇನ್ನೊಂದು ಕಡೆ ಹಿಮಾಚಲದ ಊರು. ತಮ್ಮ ಮೊಣಕಾಲಿನ ನೋವು ಇಷ್ಟು ಹೊತ್ತಿಗಾಗಲೇ ಲೋಕಕ್ಕೆಲ್ಲ ಗೊತ್ತಿರಬೇಕೆಂದು ಅವರ ಎಣಿಕೆ. ಆಮೇಲೆ, ಎಂದೋ ಸಂಘದ ವೆಬ್‌ಸೈಟಿಗೆ ಬರೆದ ಸ್ವಂತ ಲೇಖನ ಹುಡುಕಿದರು. ಎಲ್ಲಿಯೂ ಸಿಗದೆ ಮೂರಕ್ಕೂ ಸೊನ್ನೆ ಸುತ್ತಿದರು. ಪಾಪ, ಲೇಖನ ಯೂನಿಕೋಡ್ ಬರುವ ಮುಂಚಿನ ಫಾಂಟಿನಲ್ಲಿತ್ತು: ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ರೋಮನ್ ಅಕ್ಷರಗಳ ಚಿತ್ರಾನ್ನ.

ಕಡೆಗೆ ಗೆದ್ದದ್ದು ಡಕ್‌ಡಕ್‌ಗೋ. ಯಾರು ಏನು ಹುಡುಕಿದರೆಂದು ಅದು ಬರೆದಿಟ್ಟುಕೊಳ್ಳುವುದಿಲ್ಲ ಎಂಬುದು ರಾಯರಿಗೆ ಬಲು ಹಿಡಿಸಿತು. "ನನ್ನ ವಿಷಯ ಅಮೆರಿಕದವನಿಗೇಕೆ?" ಅದೂ ಅಮೆರಿಕದ್ದೇ ಎಂದು ಹೇಳುವ ಧೈರ್ಯ ಯಾರಿಗಿದೆ! ಇದೇ ರಾಯರು ಬೆಳಗಿನ ವಾಕಿಂಗಿನಲ್ಲಿ ತಮ್ಮ ಶುಗರ್ ಎಷ್ಟೆಂದು ಪಾರ್ಕಿನ ಆಚೆ ಗೇಟಿಗೂ ಕೇಳುವಂತೆ ಸಾರುತ್ತಾರೆ. ಕುಟುಂಬದ ವಾಟ್ಸಾಪ್ ಗ್ರೂಪಿಗೆ ಆಧಾರ್ ಕಾರ್ಡಿನ ಎರಡೂ ಮಗ್ಗುಲು ಹಾಕುತ್ತಾರೆ.

ಲೆಡ್ಜರ್ ನೋಡಿದ ಸೋದರಳಿಯನಿಗೆ ನಗು ತಡೆಯಲಿಲ್ಲ. "ಮಾವ, ಡಕ್‌ಡಕ್‌ಗೋದ ಲಿಂಕುಗಳು ಬಹುಪಾಲು ಬಿಂಗ್‌ನಿಂದಲೇ ಬರೋದು. ಯಾಹೂದೂ ಅಲ್ಲಿಂದಲೇ."

ರಾಯರು ಪೆನ್ನಿನ ಮುಚ್ಚಳ ಹಾಕಿದರು. "ಅಂದ್ರೆ ಮೂರು ಹೋಟ್ಲು, ಡಿಕಾಕ್ಷನ್ ಒಂದೇ!"

ಈಗ ರಾಯರ ಕಂಪ್ಯೂಟರಿನಲ್ಲಿ ಮೊದಲು ತೆರೆಯುವುದು ಬಿಂಗ್. ಅದರಲ್ಲಿ ಅವರು ಒಂಟಿ ಬೆರಳಿನಿಂದ ಕುಟ್ಟುವ ಮೊದಲ ಪದ 'ಗೂಗಲ್'. ಇದು ಅವರೊಬ್ಬರ ಕಥೆಯಲ್ಲ. ಬಿಂಗ್‌ನಲ್ಲಿ ಜನ ಅತಿ ಹೆಚ್ಚು ಹುಡುಕುವ ಪದ ಗೂಗಲ್ಲೇ ಎಂದು 2021ರಲ್ಲಿ ಗೂಗಲ್ ಪರ ವಕೀಲರು ಐರೋಪ್ಯ ಒಕ್ಕೂಟದ ನ್ಯಾಯಾಲಯದಲ್ಲೇ ವಾದಿಸಿದ್ದರು. ಸೋದರಳಿಯ ಇದನ್ನು ಓದಿ ಹೇಳಿದಾಗ ರಾಯರು ಕನ್ನಡಕ ಒರೆಸಿ ಹಾಕಿಕೊಂಡು ಕೇಳಿದರು:

"ಇದನ್ನ ನೀನು ಯಾವುದರಲ್ಲಿ ಹುಡುಕಿದೆ?"