ಸುಣ್ಣಕ್ಕೆ ಸಿಕ್ಕ ಬಿರುದು

ವೀರನಹೊಸಹಳ್ಳಿಯ ಹೆಸರು ಪತ್ರಿಕೆಗಳಲ್ಲಿ ದೊಡ್ಡದಾಗಿ ಬರುವುದು ಗಜಪಯಣದ ದಿನ. ದಸರೆಗೆ ಹೊರಟ ಆನೆಗಳಿಗೆ ಅಲ್ಲಿ ಪೂಜೆ, ಕಬ್ಬು, ಬೆಲ್ಲ, ಮಂತ್ರಿಗಳ ಕೈಯಿಂದ ಪುಷ್ಪಾರ್ಚನೆ. ಇಷ್ಟೆಲ್ಲ ಮರ್ಯಾದೆ ಪಡೆಯುವ ಪ್ರಾಣಿ ಹೆದರುವುದು ಜೇನಿಗೆ. ಕೀನ್ಯಾದಲ್ಲಿ ಸಂಶೋಧಕರು ರೇಗಿದ ಜೇನಿನ ಸದ್ದನ್ನು ಧ್ವನಿಮುದ್ರಿಸಿ ಕೇಳಿಸಿದಾಗ ಕಾಡಾನೆಗಳು ಕಾಲಿಗೆ ಬುದ್ಧಿ ಹೇಳಿದವು. 2021ರಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಅದೇ ನಂಬಿಕೆಯ ಮೇಲೆ ನಾಗರಹೊಳೆಯ ಅಂಚಿನಲ್ಲಿ, ಕೊಡಗಿನ ಚೇಲೂರಿನ ಬಳಿ, ಆನೆ ದಾರಿಗೆ ಅಡ್ಡಲಾಗಿ ಜೇನುಪೆಟ್ಟಿಗೆ ಇಡಿಸಿತು. ಆನೆಗೆ ಯಾವ ಮನೆಮದ್ದೂ ಗೊತ್ತಿಲ್ಲ, ಆದ್ದರಿಂದ ಓಡುತ್ತದೆ. ಮನುಷ್ಯನಿಗೆ ಹತ್ತು ಮದ್ದು ಗೊತ್ತು, ಆದ್ದರಿಂದ ನಿಂತು ಚರ್ಚೆ ಮಾಡುತ್ತಾನೆ.

ತುಡುವೆಯೋ ಕಣಜವೋ ಕಚ್ಚಿತೆಂದರೆ ಮೊದಲು ಹೊರಬರುವುದು ಎಲೆಅಡಿಕೆ ಚೀಲದ ಸುಣ್ಣ. ಹಿಂದೆಯೇ ಈರುಳ್ಳಿಯವರು, ತುಳಸಿಯವರು, ಹುಣಸೆಹಣ್ಣಿನವರು, ಕಬ್ಬಿಣ ತಿಕ್ಕುವವರು. ಹುಣಸೂರು, ಪಿರಿಯಾಪಟ್ಟಣ ಹೊಗೆಸೊಪ್ಪಿನ ಸೀಮೆಯಾದ್ದರಿಂದ ಅದನ್ನು ಅಗಿದು ಮೆತ್ತಲು ಸಿದ್ಧರಾದವರೂ ಇರುತ್ತಾರೆ. ಜೇನಿನ ವಿಷ ಹುಳಿ, ಸುಣ್ಣ ಕ್ಷಾರ, ಲೆಕ್ಕ ಚುಕ್ತಾ ಎಂಬುದು ಸುಣ್ಣದವರ ವಾದ. ಹುಣಸೆಯವರದು ಸ್ವತಃ ಹುಳಿಯ ಪಕ್ಷ. ಸೋಜಿಗವೆಂದರೆ ಎರಡರಿಂದಲೂ ನೋವು ಇಳಿಯುತ್ತದೆ! ಅಸಲಿಗೆ ಉರಿ ತರುವುದು ಹುಳಿಯಲ್ಲ. ವಿಷದ ಒಣ ತೂಕದಲ್ಲಿ ಸುಮಾರು ಅರ್ಧದಷ್ಟಿರುವ ಮೆಲಿಟಿನ್. ಅದು ಚರ್ಮದೊಳಗೆ, ಸುಣ್ಣ ಹೊರಗೆ. ಇಬ್ಬರಿಗೂ ಭೇಟಿಯೇ ಆಗುವುದಿಲ್ಲ. ಸಾಮಾನ್ಯ ಕಡಿತದ ನೋವು ಏನೂ ಹಚ್ಚದಿದ್ದರೂ ಕೆಲ ಗಂಟೆಗಳಲ್ಲಿ ಇಳಿಯುವಂಥದ್ದು. ಆ ಹೊತ್ತಿಗೆ ಮೇಲೆ ಯಾವುದು ಮೆತ್ತಿತ್ತೋ ಅದಕ್ಕೆ ಬಿರುದು. ನಿಜವಾಗಿ ಮಾಡಬೇಕಾದದ್ದು ಕೊಂಡಿ ತೆಗೆಯುವುದು, ಏಕೆಂದರೆ ಜೇನು ಹಾರಿಹೋದರೂ ಕೊಂಡಿಗಂಟಿದ ಚೀಲ ವಿಷ ಒತ್ತುತ್ತಲೇ ಇರುತ್ತದೆ. ಕೀಳಬಾರದು, ಕೆರೆದೇ ತೆಗೆಯಬೇಕು ಎಂಬ ವಿದ್ಯಾವಂತರ ಮಡಿಯನ್ನೂ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಪ್ರಯೋಗವೊಂದು ಕೆಡಿಸಿತು: ಹೇಗೆ ತೆಗೆದರು ಎಂಬುದು ಲೆಕ್ಕಕ್ಕಿಲ್ಲ, ಎಷ್ಟು ಬೇಗ ಎಂಬುದೇ ಲೆಕ್ಕ. ಆಮೇಲೆ ಸೋಪು, ನೀರು, ತಣ್ಣೀರು ಬಟ್ಟೆ.

ಹಾಗಾದರೆ ಅಜ್ಜಿಯರು ಕಾಲದಿಂದ ಮಾಡಿದ್ದೆಲ್ಲ ಸುಳ್ಳೇ ಎಂದು ಕೇಳಬಹುದು. ಬಾವು, ತುರಿಕೆ ಕಚ್ಚಿದ ಜಾಗದ ಸುತ್ತಲೇ ಇರುವ ತನಕ ಅಜ್ಜಿಯ ರಾಜ್ಯಭಾರಕ್ಕೆ ನನ್ನ ತಕರಾರಿಲ್ಲ. ಮರುದಿನ ಕೈ ಇನ್ನಷ್ಟು ಊದಿಕೊಂಡರೂ ಗಾಬರಿ ಬೇಡ. ಬಾಯಿ, ಗಂಟಲೊಳಗೆ ಕಚ್ಚಿದ್ದರೆ ಮಾತ್ರ ಕಾಯುವಂತಿಲ್ಲ. ನನ್ನ ವಾದವೆಲ್ಲ ಗಡಿಯದು. ಕಚ್ಚಿದ್ದು ಕಾಲಿಗೆ, ಗಂಧೆ ಎದ್ದದ್ದು ಬೆನ್ನಿಗೆ. ತುಟಿ, ನಾಲಿಗೆ ಊದುವುದು, ದನಿ ಕಟ್ಟುವುದು, ಉಸಿರಿನಲ್ಲಿ ಸಿಳ್ಳೆ, ವಾಂತಿ, ಕಣ್ಣು ಕತ್ತಲೆ: ಇಷ್ಟರಲ್ಲಿ ಯಾವುದು ಬಂದರೂ ಅಡುಗೆಮನೆಯ ಅಧಿಕಾರ ಮುಗಿಯಿತು. ಸಾಮಾನ್ಯವಾಗಿ ಇದು ನಿಮಿಷಗಳಲ್ಲೇ ಶುರುವಾಗುತ್ತದೆ. ಗಂಧೆ ಏಳದೆಯೂ ಬರಬಹುದು. ಹೊಗೆಸೊಪ್ಪಿನ ಮೇಲೆ ನನಗಿರುವ ವಿಶೇಷ ಅಸಮಾಧಾನವೂ ಇಲ್ಲಿಯದೇ. ಹಸಿ ಸೊಪ್ಪು ಮುರಿಯುವವರಿಗೆ ಚರ್ಮದಿಂದಲೇ ನಿಕೋಟಿನ್ ಇಳಿದು ವಾಕರಿಕೆ, ತಲೆಸುತ್ತು ಬರುವುದುಂಟು. ಅದನ್ನೇ ಮಗುವಿನ ಮೈಗೆ ಮೆತ್ತಿ ಕೂತರೆ, ವಾಂತಿ ಮಾಡಿಸಿದ್ದು ಜೇನೋ ಸೊಪ್ಪೋ ಎಂದು ಪಂಚಾಯಿತಿ ಸೇರಿಸಬೇಕಾಗುತ್ತದೆ.

ಜೇನುಕುರುಬರು ಹೆಜ್ಜೇನನ್ನೇ ಇಳಿಸುತ್ತಾರಲ್ಲ, ಅವರಿಗೇನಾಯಿತು ಎಂಬುದು ಇನ್ನೊಂದು ಪ್ರಶ್ನೆ. ಮೊದಲನೆಯದಾಗಿ ಅವರು ಹೊಗೆ ಹಾಕುತ್ತಾರೆ, ಶೌರ್ಯ ತೋರಿಸುವುದಿಲ್ಲ. ಪದೇ ಪದೇ ಕಚ್ಚಿಸಿಕೊಂಡ ಕೆಲವರ ಮೈ ವಿಷಕ್ಕೆ ಒಗ್ಗುವುದು ನಿಜ. ಆದರೆ ಹಿಂದೆ ಕಚ್ಚಿಸಿಕೊಂಡದ್ದರಿಂದಲೇ ಅಲರ್ಜಿ ಹುಟ್ಟುವುದೂ ಅಷ್ಟೇ ನಿಜ. ಕಳೆದ ಸಲ ಏನೂ ಆಗಲಿಲ್ಲ ಎಂಬುದು ಈ ಸಲಕ್ಕೆ ಜಾಮೀನಲ್ಲ. ಅಲರ್ಜಿ ಇರುವವರಿಗೆ ಒಂದೇ ಕೊಂಡಿ ಸಾಕು. ಹೆಜ್ಜೇನು ಹಿಂಡಾಗಿ ಎರಗಿದರೆ ಅಲರ್ಜಿಯೇ ಬೇಕಿಲ್ಲ, ವಿಷದ ಪ್ರಮಾಣಕ್ಕೇ ಮೂತ್ರಪಿಂಡ ಸೋಲಬಹುದು.

ಅಂಗಡಿಯ ಅವಿಲ್ ಮಾತ್ರೆ ಇದೆಯಲ್ಲ ಎನ್ನುವವರಿಗೆ: ಅದು ತುರಿಕೆ ತಗ್ಗಿಸುತ್ತದೆ, ಕಟ್ಟಿದ ಉಸಿರನ್ನು ಬಿಡಿಸುವುದಿಲ್ಲ, ಕುಸಿದ ರಕ್ತದೊತ್ತಡವನ್ನು ಎತ್ತುವುದಿಲ್ಲ. ಆ ಕೆಲಸ ಅಡ್ರಿನಲಿನ್‌ನದು. ವಯಸ್ಕರಿಗೆ ಸಾಮಾನ್ಯವಾಗಿ ಅರ್ಧ ಮಿಲಿಗ್ರಾಂ, ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ. ಕಾಡಂಚಿನಿಂದ ಹುಣಸೂರಿನ ಆಸ್ಪತ್ರೆ ದೂರವಲ್ಲವೇ ಎಂದರೆ, ದೂರವೇ. ಅದಕ್ಕೇ ಸೊಪ್ಪು ಅರೆಯುವ ಮೊದಲು 108ಕ್ಕೆ ಫೋನು ಮಾಡಿ, ತಲೆಸುತ್ತುವವರನ್ನು ನಡೆಸದೆ ಕಾಲು ಎತ್ತರಿಸಿ ಮಲಗಿಸಬೇಕು. ಉಸಿರಾಟ ಕಷ್ಟವಿದ್ದರೆ ಕೂರಿಸಬೇಕು. ಇಂಜೆಕ್ಷನ್ ಬಿದ್ದ ಸ್ವಲ್ಪ ಹೊತ್ತಿಗೇ ಎಷ್ಟೋ ರೋಗಿಗಳು ಎದ್ದು ಕೂತು ಕಾಫಿ ಕೇಳುತ್ತಾರೆ, ಜೊತೆಗೆ ಬಂದವರು ಊರಿನ ಕೊನೇ ಬಸ್ಸಿನ ಹೊತ್ತು ನೋಡತೊಡಗುತ್ತಾರೆ. ಕೆಲವರಲ್ಲಿ ಗಂಟೆಗಳ ಮೇಲೆ ಅದೇ ಲಕ್ಷಣಗಳು ಮರುಕಳಿಸುವುದುಂಟು. ಆ ಬಸ್ಸು ತಪ್ಪಿದರೆ ತಪ್ಪಲಿ.